ಎರಡನೆಯ ಕೊಕ್ಕೆ

ನಮ್ಮ ಆಸ್ಪತ್ರೆಯ ಮುಂಬಾಗಿಲಲ್ಲಿ, ವಿಚಾರಣೆ ಕಿಟಕಿಯ ಪಕ್ಕಕ್ಕೆ, ಒಂದು ಹಸಿರು ಬೋರ್ಡಿದೆ. ‘ಈ ವರ್ಷ ನಮ್ಮಲ್ಲಿ ರೋಗಿಗಳ ರಕ್ತಕ್ಕೆ ಸೇರಿದ, ಔಷಧಿಗೆ ಬಗ್ಗದ ಸೋಂಕುಗಳು’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಅದರ ಕೆಳಗೆ ಒಂದು ಕೊಕ್ಕೆ. ಆ ಕೊಕ್ಕೆಗೆ ತಗಡಿನ ಅಂಕಿಯೊಂದನ್ನು ನೇತುಹಾಕಬೇಕು. ಆಸ್ಪತ್ರೆಗಳೆಲ್ಲ ತಮ್ಮ ಅಂಕಿಯನ್ನು ಜನರ ಕಣ್ಣಿಗೆ ಬೀಳುವಂತೆ ಬಾಗಿಲಲ್ಲೇ ಹಾಕಬೇಕು, ಪತ್ರಿಕೆಗೂ ಕೊಡಬೇಕು ಎಂದು ಕಾನೂನು ಬಂದಾಗ ಮಾಡಿಸಿದ ಬೋರ್ಡು ಅದು. ಅವತ್ತು ಬಡಗಿ ಒಂದು ಕೊಕ್ಕೆ ಹೊಡೆದು, “ಪಕ್ಕಕ್ಕೆ ಇನ್ನೊಂದು ಹೊಡೀಲಾ ಸಾರ್?” ಎಂದು ಕೇಳಿದಾಗ, ನಮ್ಮ ದೊಡ್ಡ ಡಾಕ್ಟರು ಅವನನ್ನು ತಿಂದುಬಿಡುವ ಹಾಗೆ ನೋಡಿದರು. ಎರಡನೆಯ ಕೊಕ್ಕೆ ಬೇಕಾಗುವುದು ಅಂಕಿ ಹತ್ತು ಮುಟ್ಟಿದರೆ ಮಾತ್ರ.

ಅಂಕಿಯನ್ನು ಬದಲಾಯಿಸುವವಳು ನಾನು. ಓದಿದ್ದು ನರ್ಸಿಂಗ್, ಮಾಡುವುದು ವಾರ್ಡಿನಿಂದ ವಾರ್ಡಿಗೆ ತಿರುಗಿ ಜಗಳ ತೆಗೆಯುವ ಕೆಲಸ. ಯಾರು ಕೈ ತೊಳೆಯದೆ ರೋಗಿಯನ್ನು ಮುಟ್ಟಿದರು, ಔಷಧಿ ಹರಿಸಲು ಯಾರ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು ಕೆಲಸ ಮುಗಿದರೂ ತೆಗೆದಿಲ್ಲ, ಯಾರಿಗೆ ಜ್ವರ ಬಂದರೂ ರಕ್ತ ಕಳಿಸಿಲ್ಲ, ಇದನ್ನೆಲ್ಲ ಹುಡುಕುವವಳು. ನನಗೊಂದು ಹೆಸರಿದೆ ಎನ್ನುವುದನ್ನು ಜನ ಎಂದೋ ಮರೆತಿದ್ದಾರೆ. ಎಲ್ಲರಿಗೂ ನಾನು ಸೋಂಕಮ್ಮ. “ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ನಲ್ಲಿಗಳೆಲ್ಲ ತಾವೇ ತಿರುಗ್ತವೆ” ಎಂದು ಲ್ಯಾಬಿನವನು ತಮಾಷೆ ಮಾಡುತ್ತಾನೆ. ನಲ್ಲಿ ತಿರುಗುವುದು ಸುಳ್ಳಲ್ಲ. ನಾನು ದಾಟಿ ಹೋದ ಮೇಲೆ ನಿಲ್ಲುವುದೂ ಸುಳ್ಳಲ್ಲ.

ದಿನವಿಡೀ ನನ್ನ ಬಾಯಲ್ಲಿ ಓಡುವ ಮಾತು ಒಂದೇ: ಮೊದಲು ರಕ್ತ, ಆಮೇಲೆ ಔಷಧಿ. ಜ್ವರ ಬಂದವರ ರಕ್ತವನ್ನು ಬಾಟಲಿಗೆ ಹಾಕಿ ಬೆಚ್ಚಗಿಟ್ಟರೆ, ಅದರಲ್ಲಿ ಕ್ರಿಮಿ ಇದ್ದರೆ ಬೆಳೆಯುತ್ತದೆ. ಇದೇ ಕಲ್ಚರ್. ಬೆಳೆದದ್ದಕ್ಕೆ ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಲ್ಯಾಬಿನವನು ಹೇಳುತ್ತಾನೆ. ಔಷಧಿ ಕೊಟ್ಟ ಮೇಲೆ ರಕ್ತ ತೆಗೆದರೆ ಎಷ್ಟೋ ಸಲ ಬಾಟಲಿಯಲ್ಲಿ ಏನೂ ಬೆಳೆಯುವುದಿಲ್ಲ, ರೋಗಿಯ ಮೈಯಲ್ಲಿ ಮಾತ್ರ ಬೆಳೆಯುತ್ತಿರುತ್ತದೆ. “ನಮ್ಮ ರಕ್ತ ಹೀರೋದು ಸಾಲ್ದು ಅಂತ ರೋಗಿಗಳದ್ದೂ ಹೀರ್ತಾಳೆ” ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನಗೀಗ ಸಿಟ್ಟು ಬರುವುದಿಲ್ಲ, ಸುಸ್ತಾಗುತ್ತದೆ ಅಷ್ಟೇ.

ಲೆಕ್ಕಕ್ಕೂ ಒಂದು ನಿಯಮವಿದೆ. ರೋಗಿ ಬಂದ ಮೊದಲೆರಡು ದಿನದೊಳಗೆ ತೆಗೆದ ರಕ್ತದಲ್ಲಿ ಕ್ರಿಮಿ ಸಿಕ್ಕರೆ ಅದು ಹೊರಗಿನಿಂದ ತಂದದ್ದು. ಆಮೇಲೆ ತೆಗೆದದ್ದರಲ್ಲಿ ಸಿಕ್ಕರೆ ಅದು ನಮ್ಮಲ್ಲಿ ಅಂಟಿದ್ದು. ಹಾಗಾಗಿ ಬೇರೆ ಆಸ್ಪತ್ರೆಯಿಂದ ಯಾರೇ ಬರಲಿ, ಸ್ಟ್ರೆಚರಿನಿಂದ ಇಳಿಸುವ ಮೊದಲೇ ರಕ್ತ ತೆಗೆಯುವುದು ನಮ್ಮ ರೂಢಿ. ಅದಕ್ಕೆ ನಾವು ‘ಬಾಗಿಲ ರಕ್ತ’ ಎನ್ನುತ್ತೇವೆ. ಅದನ್ನು ಮರೆತ ಡಾಕ್ಟರುಗಳು ಆಮೇಲೆ ನನ್ನ ಕೋಣೆಗೆ ಬಂದು, “ಇದು ಹೊರಗಿಂದ ತಂದಿದ್ದು ಸಿಸ್ಟರ್, ಎಲ್ಲರಿಗೂ ಗೊತ್ತು, ಬಿಟ್ಟುಬಿಡಿ” ಎಂದು ಗೋಗರೆಯುತ್ತಾರೆ. “ಬಾಗಿಲ ರಕ್ತ ಎಲ್ಲಿ?” ಎಂದು ಕೇಳುತ್ತೇನೆ. ಇಲ್ಲ. ಇಲ್ಲವೆಂದರೆ ನಮ್ಮದು. ಒಬ್ಬರಿಗೂ ಬಿಟ್ಟವಳಲ್ಲ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲವೂ ಹೊರಗಿನದೇ ಆಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಹೀಗೆ ಹುಡುಕಿ ಹುಡುಕಿ ನಮ್ಮ ಅಂಕಿ ಒಂಬತ್ತಕ್ಕೆ ಬಂದು ನಿಂತಿತು. ಪತ್ರಿಕೆಯಲ್ಲಿ ಊರಿನ ಆಸ್ಪತ್ರೆಗಳದ್ದೆಲ್ಲ ಹಾಕಿದರು, ನಮ್ಮದೇ ಎಲ್ಲಕ್ಕಿಂತ ಮೇಲೆ. ರಸ್ತೆಯಾಚೆಗಿನ ಗಾಜಿನ ಆಸ್ಪತ್ರೆಯದ್ದು ಸೊನ್ನೆ. ಅದೇ ವಾರ ಅಕ್ಕನ ಕರುಳಿನಲ್ಲಿ ಗಂಟಿದೆ, ಕತ್ತರಿಸಿ ತೆಗೆಯಬೇಕು ಎಂದು ಗೊತ್ತಾಯಿತು.

ನನಗೆ ಇರುವವಳು ಒಬ್ಬಳೇ ಅಕ್ಕ. ಭಾವ ಹಾಲಿನ ಡೈರಿಯವರು. ಬಂದ ಒಂದೊಂದು ಕ್ಯಾನಿನಿಂದಲೂ ಹಾಲು ತೆಗೆದು, ನೀರು ಬೆರೆಸಿದ್ದಾರೋ, ಹುಳಿಯಾಗಿದೆಯೋ ಎಂದು ಪರೀಕ್ಷೆ ಮಾಡುವುದು ಅವರ ಜೀವಮಾನದ ಕೆಲಸ. ನಾನು ಅವರ ಮನೆಗೆ ಹೋದಾಗ ಪತ್ರಿಕೆ ಟೇಬಲ್ ಮೇಲೆ ಮಡಿಸಿಟ್ಟಿತ್ತು. ಅಕ್ಕ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು.

“ಪೇಪರ್ ನೋಡಿದ್ಯೇನಮ್ಮಾ?” ಎಂದರು ಭಾವ.

“ನೋಡಿದೆ ಭಾವ. ಆ ಅಂಕಿ ಕೊಟ್ಟವಳೇ ನಾನು.”

“ಎದುರುಗಡೆಯವರದ್ದು ಸೊನ್ನೆ.”

“ಅವರು ರಕ್ತ ಕಳಿಸೋದೇ ಇಲ್ಲ. ಜ್ವರ ಬಂದ್ರೆ ನೇರವಾಗಿ ಔಷಧಿ ಹಾಕ್ತಾರೆ. ಹುಡುಕದೆ ಸಿಗೋದು ಹೇಗೆ? ನಾವು ಹುಡುಕ್ತೀವಿ, ಸಿಗುತ್ತೆ.”

“ಅಂದ್ರೆ ನಿಮ್ಮಲ್ಲಿ ಒಂಬತ್ತು ಇರೋದು ನಿಜ ತಾನೇ?”

“ನಿಜ.”

“ಮತ್ತೆ?”

ಆ ‘ಮತ್ತೆ’ಗೆ ನಾನು ಅವರ ಕಸುಬಿನ ಮಾತನ್ನೇ ಎತ್ತಿಕೊಂಡೆ. “ನೀವೇ ಹೇಳಿ ಭಾವ, ಪರೀಕ್ಷೆನೇ ಮಾಡದ ಕ್ಯಾನ್ ಮೇಲೆ ‘ಶುದ್ಧ ಹಾಲು’ ಅಂತ ಚೀಟಿ ಅಂಟಿಸಿದ್ರೆ ಒಪ್ತೀರಾ?”

ನಾನು ಹೇಳಿದ್ದು ಅವರಿಗೆ ಅರ್ಥವಾಗದೆ ಇರಲಿಲ್ಲ. “ಹಾಲು ಕೆಟ್ರೆ ಚೆಲ್ಲಿ ಬೇರೆ ತರಬಹುದಮ್ಮಾ,” ಎಂದರು. “ನನಗಿರೋದು ಒಬ್ಬಳೇ ಹೆಂಡ್ತಿ. ಒಂಬತ್ತು ಅಂತ ಬರೆದ ಬಾಗಿಲೊಳಗೆ ಅವಳನ್ನ ಕರ್ಕೊಂಡು ಹೋಗೋಕೆ ನನ್ನ ಕಾಲು ಬರಲ್ಲ.”

ಅಕ್ಕ ನನ್ನ ಮುಖ ನೋಡಿ ನಕ್ಕಳು. “ಅವರ ಸಮಾಧಾನಕ್ಕೆ ಅಲ್ಲಿಗೇ ಹೋಗ್ತೀನಿ ಬಿಡೇ. ನಿನ್ನ ಹತ್ರ ಬಂದ್ರೆ ನೋಡೋಕೆ ಬಂದವರಿಗೆಲ್ಲ ಕೈ ತೊಳೆಸಿ ತೊಳೆಸಿ ಓಡಿಸ್ತೀಯ.”

ನಾನು ಇನ್ನೂ ಹಟ ಹಿಡಿಯಬಹುದಿತ್ತು. ಬೆಳಗಿನಿಂದ ಆಸ್ಪತ್ರೆಯಲ್ಲಿ ಅದನ್ನೇ ಮಾಡಿ ಬಂದಿದ್ದೆ, ಮನೆಯಲ್ಲೂ ಮಾಡುವ ತ್ರಾಣವಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಾಜಿನ ಆಸ್ಪತ್ರೆಯ ಸರ್ಜನ್ನರ ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಜ್ವರ ಬಂದದ್ದು ಆಮೇಲೆ, ಇನ್ನೇನು ಮನೆಗೆ ಕಳಿಸುತ್ತಾರೆ ಎನ್ನುವಾಗ. ಸಂಜೆ ನಾನು ಹೋದೆ. ಅಕ್ಕನ ಹಣೆ ಸುಡುತ್ತಿತ್ತು. ಕುತ್ತಿಗೆಯಲ್ಲಿ ನಳಿಕೆ ಇನ್ನೂ ಇತ್ತು, ಅದರ ಸುತ್ತ ಚರ್ಮ ಕೆಂಪಾಗಿತ್ತು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರನ್ನು ಹಿಡಿದು, “ಕಲ್ಚರಿಗೆ ರಕ್ತ ಕಳಿಸಿದ್ರಾ?” ಎಂದು ಕೇಳಿದೆ.

“ಅಗತ್ಯ ಬಿದ್ರೆ ಕಳಿಸ್ತೀವಿ ಮೇಡಂ. ಈಗ ಔಷಧಿ ಬದಲಾಯಿಸಿದೀವಿ.”

“ಯಾವಾಗ ಬೀಳುತ್ತೆ ಅಗತ್ಯ?”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಕಳಿಸಬೇಕಾದ್ರೆ ಮೇಲಿನವರ ಸಹಿ ಬೇಕು ಮೇಡಂ. ಅವರು ಹಾಕಲ್ಲ. ನನ್ನನ್ನ ಕೇಳಿ ಏನು ಪ್ರಯೋಜನ?” ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಇವನೂ ನನ್ನ ಹಾಗೆಯೇ ಸುಸ್ತಾದವನು ಎನ್ನಿಸಿ, ಬಾಯಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡೆ.

ಮಾರನೆಯ ದಿನ ಭಾವನೇ ಫೋನ್ ಮಾಡಿದರು. “ಜ್ವರ ಇಳೀತಾನೇ ಇಲ್ಲಮ್ಮಾ. ನಿಮ್ಮಲ್ಲಿಗೇ ಕರ್ಕೊಂಡು ಬರ್ತೀನಿ.” ಒಂಬತ್ತರ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಂಬುಲೆನ್ಸ್ ಬರುವ ಹೊತ್ತಿಗೆ ನಾನು ಬಾಗಿಲಲ್ಲಿರಬೇಕಿತ್ತು. ಇದ್ದದ್ದು ದೊಡ್ಡ ಡಾಕ್ಟರ ಕೋಣೆಯಲ್ಲಿ. ಪತ್ರಿಕೆಯ ಸುದ್ದಿಯ ಮೇಲೆ ಮೀಟಿಂಗು. ರೋಗಿಗಳು ಕಡಿಮೆಯಾಗುತ್ತಿದ್ದಾರೆ, ಹೇಗಾದರೂ ಮಾಡಿ ಎರಡನೆಯ ಕೊಕ್ಕೆ ಹೊಡೆಯುವ ಪರಿಸ್ಥಿತಿ ತರಬೇಡಿ ಎಂದು ಅವರು ಹೇಳುತ್ತಿದ್ದರು. ಅವರು ಕೆಟ್ಟವರಲ್ಲ. ನಮ್ಮಲ್ಲಿ ಅಂಕಿ ಮುಚ್ಚಿಡದೆ ಹೇಳಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡು ಬಂದವರು. ನಾನು ತಲೆಯಾಡಿಸುತ್ತ, ಕಿವಿಯನ್ನು ಆಂಬುಲೆನ್ಸಿನ ಸದ್ದಿಗೆ ಇಟ್ಟು ಕೂತಿದ್ದೆ. ಬಾಗಿಲಲ್ಲಿ ದೊಡ್ಡಮ್ಮ ಇದ್ದಾಳೆ ಎನ್ನುವ ಧೈರ್ಯವಿತ್ತು.

ದೊಡ್ಡಮ್ಮ ಎಂದರೆ ವಾರ್ಡಿನ ಹಿರಿಯ ಸಿಸ್ಟರ್. ನಾನು ಕೆಲಸಕ್ಕೆ ಸೇರಿದಾಗ ಸೂಜಿ ಹಿಡಿಯಲು ಕಲಿಸಿದವಳು. ಬಾಗಿಲ ರಕ್ತವನ್ನು ಯಾರು ಮರೆತರೂ ಅವಳು ಮರೆತದ್ದಿಲ್ಲ, ಹಾಗಾಗಿ ನೆನಪಿಸಬೇಕೆಂದು ನನಗೆ ಹೊಳೆಯಲೂ ಇಲ್ಲ.

ಮೀಟಿಂಗು ಮುಗಿಸಿ ಓಡಿ ಬಂದಾಗ ಅಕ್ಕ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಳು. ಹೊಸ ಹೊದಿಕೆ ಹೊದಿಸಿದ್ದರು. ವಾರ್ಡಿನಲ್ಲಿ ಇದ್ದ ಒಂದೇ ಒಳ್ಳೆಯ ಫ್ಯಾನಿನ ಕೆಳಗೆ ಹಾಕಿದ್ದರು. ಹಾದುಹೋಗುವವರೆಲ್ಲ, “ಸೋಂಕಮ್ಮನ ಅಕ್ಕ” ಎಂದು ಒಮ್ಮೆ ಇಣುಕಿ ವಿಚಾರಿಸಿ ಹೋಗುತ್ತಿದ್ದರು. ಹಳೆಯ ನಳಿಕೆ ತೆಗೆದಾಗಿತ್ತು. ಮೊಣಕೈಯ ಒಳಮಡಿಕೆಯಲ್ಲಿ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು. ಬಾಗಿಲ ರಕ್ತ ತೆಗೆದಿದ್ದಾರೆ ಎಂದುಕೊಂಡೆ. ಬಾಟಲಿ ಬೆಳೆಯಲು ಹೊತ್ತು ಹಿಡಿಯುತ್ತದೆ. ನನ್ನ ಅಕ್ಕ ಎಂದು ಹೇಳಿ ಲ್ಯಾಬಿನವನ ತಲೆ ತಿನ್ನುವುದು ಬೇಡ, ಬೆಳೆದಾಗ ಹೇಳುತ್ತಾನೆ ಎಂದು ಸುಮ್ಮನಾದೆ. ಅಲ್ಲಿಂದ ಬರೆದುಕೊಟ್ಟ ಔಷಧಿಯನ್ನೇ ಇಲ್ಲಿಯೂ ಮುಂದುವರಿಸಿದರು. ಜ್ವರ ಒಂದಿಷ್ಟು ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅಕ್ಕನಿಗೆ ನಡುಕ ಬಂತು. ಮಂಚವೇ ಗಡಗಡ ಎನ್ನುತ್ತಿತ್ತು. ರಕ್ತದೊತ್ತಡ ಕುಸಿಯಿತು. ಭಾವ ಅವಳ ಪಾದ ಹಿಡಿದು ನಿಂತಿದ್ದರು. ವಾರ್ಡಿನ ಡಾಕ್ಟರು ರಕ್ತ ತೆಗೆಸಿ, ಔಷಧಿ ಏರಿಸಿ, ಒಳಗಿನ ತೀವ್ರ ನಿಗಾ ಕೋಣೆಗೆ ಸಾಗಿಸಿದರು. ಸೋಂಕಮ್ಮ ಎಲ್ಲಿ ಹೋದಳೋ ಗೊತ್ತಿಲ್ಲ, ನಾನು ಕಾರಿಡಾರಿನಲ್ಲಿ ಕೈ ಕೂಡ ತೊಳೆಯದೆ ನಿಂತು ಅಳುತ್ತಿದ್ದೆ.

ಲ್ಯಾಬಿನವನ ಫೋನು ಮಾರನೆಯ ದಿನ ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ. “ನಿಮ್ಮಕ್ಕನ ಬಾಟಲಿ ಬೆಳೆದಿದೆ. ಹಟಮಾರಿ ಕ್ರಿಮಿ. ಈಗ ಕೊಡ್ತಿರೋ ಔಷಧಿ ಯಾವುದೂ ನಾಟಲ್ಲ. ಆ ಹಳೇದೊಂದಿದೆಯಲ್ಲ, ಕಿಡ್ನಿಗೆ ಹೊಡೆಯೋದು, ಅದೊಂದೇ.”

“ಬಾಗಿಲದ್ದೂ ಬೆಳೀತಾ?”

“ಬಾಗಿಲದ್ದು ಬಂದೇ ಇಲ್ವಲ್ಲ ಸೋಂಕಮ್ಮ. ಇದು ನಡುಕ ಬಂದಾಗ ತೆಗ್ದಿದ್ದು.”

ಮೊದಲು ತೀವ್ರ ನಿಗಾ ಕೋಣೆಯ ಡಾಕ್ಟರಿಗೆ ಹೇಳಿ ಔಷಧಿ ಬದಲು ಮಾಡಿಸಿದೆ. ಆಮೇಲೆ ದೊಡ್ಡಮ್ಮನನ್ನು ಹುಡುಕಿಕೊಂಡು ಹೋದೆ. ಅವಳು ಸ್ಟೋರಿನಲ್ಲಿ ಕೈಗವಸಿನ ಡಬ್ಬಗಳನ್ನು ಜೋಡಿಸುತ್ತಿದ್ದಳು. ನನ್ನ ಮುಖ ನೋಡಿದ್ದೇ ಕೆಲಸ ನಿಲ್ಲಿಸಿದಳು.

“ಸೂಜಿ ಹಿಡಿದುಕೊಂಡೇ ಹೋಗಿದ್ದೆ ಕಣೇ,” ಎಂದಳು. “ನಿನ್ನ ಅಕ್ಕ ಕೈ ಮುಗಿದುಬಿಟ್ಟಳು. ‘ಅಲ್ಲಿ ಚುಚ್ಚಿ ಚುಚ್ಚಿ ಸಾಕಾಗಿದೆ ತಾಯಿ, ಈಗೊಂದು ಬೇಡ’ ಅಂದಳು. ತೋಳೆಲ್ಲ ನೀಲಿಗಟ್ಟಿತ್ತು. ಡ್ರಿಪ್ ತೆಗೆದ ಜಾಗದಲ್ಲಿ ರಕ್ತ ಒಸರ್ತಿತ್ತು, ಹತ್ತಿ ಇಟ್ಟೆ. ಬೇರೆ ಯಾರೇ ಆಗಿದ್ರೂ ಕೇಳ್ತಿರ್ಲಿಲ್ಲ, ಬೈದು ಚುಚ್ತಿದ್ದೆ. ನಿನ್ನ ಅಕ್ಕ ಅಲ್ವಾ ಅಂತ...” ಡಬ್ಬದ ಮೇಲೆ ಕೂತುಬಿಟ್ಟಳು.

ಬೈಯಬೇಕೆಂದೇ ಹೋದವಳು ನಾನು. ಊರವರ ಮಕ್ಕಳಿಗೆ, ಊರವರ ತಾಯಂದಿರಿಗೆ ತಪ್ಪದೆ ಚುಚ್ಚಿದ ಕೈ, ನನ್ನವಳೆಂದು ಪ್ರೀತಿಯಿಂದ ಹಿಂದಕ್ಕೆ ಸರಿದಿತ್ತು. ಹೊಸ ಹೊದಿಕೆ, ಒಳ್ಳೆಯ ಫ್ಯಾನು, ಚುಚ್ಚದ ಸೂಜಿ. ಎಲ್ಲವೂ ನನ್ನ ಮೇಲಿನ ಗೌರವ. ಆ ಗೌರವದಿಂದ ಎರಡು ದಿನ ನಷ್ಟವಾಗಿತ್ತು, ಆ ಎರಡು ದಿನವೂ ಅಕ್ಕನ ಮೈಯೊಳಗೆ ಕ್ರಿಮಿ ಬೆಳೆದಿತ್ತು. ಯಾರನ್ನು ಬೈಯುವುದೆಂದು ತಿಳಿಯದೆ ನಾನೂ ಅವಳ ಪಕ್ಕದ ಡಬ್ಬದ ಮೇಲೆ ಕೂತೆ. ಡಬ್ಬ ಒಳಕ್ಕೆ ಕುಸಿಯಿತು. ಇಬ್ಬರೂ ನಗಲಿಲ್ಲ.

ಹಳೆಯ ಔಷಧಿ ನಾಟಿತು. ಅಕ್ಕ ಉಳಿದಳು. ಕಿಡ್ನಿ ಅರ್ಧಕ್ಕರ್ಧ ಸೋತಿತು, ಮೈ ಸೊರಗಿ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆದರೂ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, “ನಿನ್ನ ಮುಖ ಯಾಕೇ ಹೀಗಾಗಿದೆ, ಊಟ ಮಾಡಿದ್ಯಾ?” ಎಂದು ಕೇಳಿದಳು. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ದೊಡ್ಡ ಡಾಕ್ಟರು ನನ್ನನ್ನು ಕರೆಸಿದ್ದು ಅದರ ಮಾರನೆಯ ದಿನ. ಕುರ್ಚಿ ತೋರಿಸಿದರು, ಟೀ ತರಿಸಿದರು. “ನಿಮ್ಮ ಅಕ್ಕನ ಕೇಸು ಹೊರಗಿಂದ ಬಂದಿದ್ದು ಸಿಸ್ಟರ್. ಜ್ವರ ಇಟ್ಕೊಂಡೇ ಬಂದ್ರು. ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನ ಬೋರ್ಡಿಗೆ ಹಾಕಬೇಡಿ.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಕೆಂಪಾದ ಚರ್ಮವನ್ನು ಕಣ್ಣಾರೆ ಕಂಡವಳು ನಾನು. ಎದುರಿನವರು ರಕ್ತ ತೆಗೆಯಲಿಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಅವಳಿಲ್ಲ. ನಾವು ಬಿಟ್ಟರೆ ನಮ್ಮ ಲೆಕ್ಕದಲ್ಲೂ ಇಲ್ಲ. ಸಾವಿನ ಬಾಯಿಗೆ ಹೋಗಿ ಬಂದ ನನ್ನ ಅಕ್ಕ ಈ ಊರಿನಲ್ಲಿ ಎಲ್ಲೂ ಅಂಟದ ಕಾಯಿಲೆಯಿಂದ ಮಲಗಿದವಳಾಗುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕೋಣೆಗೆ ಬಂದು ಗೋಗರೆದ ಡಾಕ್ಟರುಗಳ ಮುಖಗಳು ನೆನಪಾದವು. ಅವರಲ್ಲಿ ಅರ್ಧ ಜನ ಹೇಳಿದ್ದೂ ನಿಜವೇ ಇತ್ತು.

“ಬಾಗಿಲ ರಕ್ತ ಎಲ್ಲಿ ಸಾರ್?” ಎಂದೆ. ಕೇಳುವಾಗ ನನ್ನ ದನಿ ನನಗೇ ಬೇಸರ ತರಿಸಿತು.

ಅವರು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. “ನೀವು ಬಾಗಿಲ ರಕ್ತ ಅಂತೀರ. ಜನ ನೋಡೋದು ಬೋರ್ಡು. ಇದನ್ನ ನೋಡಿ ಹೆದರಿ ಎಷ್ಟು ಜನ ಅಲ್ಲಿಗೆ ಹೋಗ್ತಾರೆ, ಲೆಕ್ಕ ಇದೆಯಾ ನಿಮ್ಮ ಹತ್ರ?”

“ಒಬ್ಬರದ್ದು ಇದೆ ಸಾರ್,” ಎಂದೆ. “ನನ್ನ ಭಾವನೇ ಕರ್ಕೊಂಡು ಹೋಗಿದ್ರು. ಆದ್ರೂ ಒಬ್ಬರಿಗೂ ಬಿಟ್ಟವಳಲ್ಲ ಸಾರ್, ನನ್ನ ಅಕ್ಕನಿಗೂ ಬಿಡಲ್ಲ.”

ಅವರು ಫೋನೆತ್ತಿ, ಬಡಗಿಯನ್ನು ಕಳಿಸಿ ಎಂದರು. ಮೇಲಿನವರಿಂದ ಇನ್ನೊಂದು ಸಲ ಬೈಸಿಕೊಳ್ಳಲು ತಯಾರಾದವರ ಮುಖ ಅದು. ನನಗೆ ಅವರ ಮೇಲೆ ಅವತ್ತು ಬಂದಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ.

ಬಡಗಿ ಎರಡನೆಯ ಕೊಕ್ಕೆ ಹೊಡೆದ. ಮೊದಲನೆಯದು ನಟ್ಟನಡುವೆ ಇದ್ದುದರಿಂದ ಎರಡನೆಯದು ಅಂಚಿಗೆ ಹೋಗಿ ಬೋರ್ಡು ಸೊಟ್ಟಗೆ ಕಾಣುತ್ತಿತ್ತು. ಒಂದು ಮತ್ತು ಸೊನ್ನೆಯನ್ನು ನಾನೇ ನೇತುಹಾಕಿದೆ. ಸೊನ್ನೆಯ ತಗಡು ಹೊಸದರ ಹಾಗೇ ಇತ್ತು, ವರ್ಷದ ಮೊದಲ ಕೆಲವು ದಿನ ಬಿಟ್ಟರೆ ನಮ್ಮಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ.

ಅಕ್ಕನನ್ನು ಮನೆಗೆ ಕಳಿಸಿದ ದಿನ ಗಾಲಿಕುರ್ಚಿಯನ್ನು ಭಾವನೇ ತಳ್ಳಿದರು. ದೊಡ್ಡಮ್ಮ ಬಾಗಿಲವರೆಗೆ ಬಂದು, ಅಕ್ಕನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಒತ್ತಿ ಒಳಗೆ ಹೋದಳು. ಬೋರ್ಡಿನ ಮುಂದೆ ಭಾವ ಕುರ್ಚಿ ನಿಲ್ಲಿಸಿದರು. ಬೆಳಗಿನಿಂದ ಸಂಜೆವರೆಗೆ ಅಳತೆ ನೋಡುವ ಕಣ್ಣು ಅವರದು, ಅದರಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ.

“ಹತ್ತಾಯ್ತು.”

“ಹೌದು ಭಾವ.”

“ಹತ್ತನೇದು ಇವಳದ್ದೇ?”

“ಹೌದು.”

ಅವರು ನಿಟ್ಟುಸಿರು ಬಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. “ಹಾಗಾದ್ರೆ ಕೊನೆಗೂ ನಿಮ್ಮಲ್ಲೇ ಅಂಟಿತು,” ಎಂದರು. “ಅಲ್ಲಿದ್ದದ್ದು ಬರೀ ಜ್ವರ. ನಾನೇ ಗಾಬರಿಬಿದ್ದು ಇಲ್ಲಿಗೆ ತಂದೆ.”

ಅಲ್ಲ ಭಾವ, ಎಂದು ಹೇಳಲು ಬಾಯಿ ತೆರೆದೆ. ನಳಿಕೆ, ಬಾಗಿಲ ರಕ್ತ, ಎರಡು ದಿನ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಬೋರ್ಡಿಗೆ ಅದನ್ನು ನೇತುಹಾಕಿದವಳು ನಾನೇ. ನನ್ನ ಕೈಯಿಂದಲೇ ‘ನಮ್ಮಲ್ಲಿ’ ಎಂದು ಊರಿಗೆಲ್ಲ ಸಾರಿ, ಮನೆಯವರ ಕಿವಿಯಲ್ಲಿ ಮಾತ್ರ ‘ನಮ್ಮಲ್ಲಲ್ಲ’ ಎನ್ನುವುದು ಹೇಗೆ?

“ನೀನು ಬೇಜಾರು ಮಾಡ್ಕೋಬೇಡಮ್ಮಾ,” ಎಂದು ಭಾವ ನನ್ನ ಭುಜ ತಟ್ಟಿದರು. “ಉಳಿಸಿದವಳೂ ನೀನೇ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ನಿನಗೆ ಮುಚ್ಚಿಡೋದು ಯಾಕೆ? ಮುಂದಿನ ತಿಂಗಳು ನನ್ನ ಹರ್ನಿಯಾ ಆಪರೇಷನ್. ಎದುರುಗಡೆಯೇ ದಿನ ತಗೊಂಡಿದೀನಿ.”

ರಸ್ತೆಯಾಚೆ ಗಾಜಿನ ಆಸ್ಪತ್ರೆ ಬಿಸಿಲಿಗೆ ಥಳಥಳಿಸುತ್ತಿತ್ತು. ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಇಷ್ಟು ವರ್ಷ ಜಗಳವಾಡಿದ್ದು, ಎಣಿಸಿದ್ದು, ನೇತುಹಾಕಿದ್ದು, ಎಲ್ಲವೂ ಸೇರಿ ನನ್ನ ಮನೆಯವರನ್ನೇ ಎರಡನೆಯ ಸಲ ಆ ಬಾಗಿಲಿಗೆ ಕಳಿಸುತ್ತಿತ್ತು. ಅಷ್ಟು ಸುಸ್ತು ನನಗೆ ಯಾವತ್ತೂ ಆಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಡೋಣ ಎನ್ನಿಸಿತು.

“ರೀ, ಕಾರು ಬಂತಾ ನೋಡಿ ಹೋಗಿ,” ಎಂದಳು ಅಕ್ಕ. ಭಾವ ಹೋದರು. ಅವಳು ನನ್ನ ಕೈ ಹಿಡಿದೆಳೆದು ತನ್ನ ಮಟ್ಟಕ್ಕೆ ಬಗ್ಗಿಸಿಕೊಂಡಳು. ಬೆರಳುಗಳಲ್ಲಿ ಶಕ್ತಿಯೇ ಇರಲಿಲ್ಲ.

“ದೊಡ್ಡಮ್ಮ ಎಲ್ಲಾ ಹೇಳಿ ಅತ್ತಳು ಕಣೇ. ಸೂಜಿ ಬೇಡ ಅಂದವಳು ನಾನು.”

“ಇರ್ಲಿ ಬಿಡಕ್ಕ.”

“ನಿನ್ನ ಭಾವನಿಗೂ ಹೇಳಿದ್ದೆ. ಇನ್ನು ಮೇಲೆ ಬೋರ್ಡಲ್ಲಿ ಇರೋದೇ ನಿಜ ಅಂತಾರೆ. ನಾನು ಹೇಳಿದ್ರೆ, ತಂಗೀನ ವಹಿಸ್ಕೊಂಡು ಮಾತಾಡ್ತೀಯ ಅಂತಾರೆ. ಅವರನ್ನ ತಡೆಯೋಕೆ ನನ್ನ ಕೈಲಾಗಲ್ಲ.” ಅವಳು ಒಮ್ಮೆ ಉಸಿರು ತೆಗೆದುಕೊಂಡಳು. “ಆದ್ರೆ ನಾನೂ ಜೊತೆಗೆ ಹೋಗ್ತೀನಲ್ಲ, ಅವರ ಮಂಚದ ಪಕ್ಕದಲ್ಲೇ ಕೂತಿರ್ತೀನಿ. ಅವರಿಗೆ ಒಂಚೂರು ಮೈ ಬಿಸಿಯಾದ್ರೂ ಆ ಡಾಕ್ಟರ ಕೈ ಹಿಡಿದು ನಿಲ್ಲಿಸ್ತೀನಿ. ಸಹಿ ಹಾಕೋವರೆಗೂ ಬಿಡಲ್ಲ. ಮೊದಲು ರಕ್ತ, ಆಮೇಲೆ ಔಷಧಿ. ಸರಿ ತಾನೇ?”

“ಸರಿ,” ಎಂದೆ.

ಕಾರು ಬಂತು. ಅವಳನ್ನು ಎತ್ತಿ ಕೂರಿಸಿದೆವು. ಕಾರು ಗೇಟು ದಾಟುವಾಗ ಇನ್ನೊಂದು ಆಂಬುಲೆನ್ಸ್ ಒಳಗೆ ಬಂತು, ಹಿಂದಿನ ಬಾಗಿಲು ತೆರೆಯಿತು, ಸ್ಟ್ರೆಚರಿನ ಮೇಲೆ ಯಾರದೋ ಅಜ್ಜಿ. ಚುಚ್ಚಬೇಡಿ ಎಂದು ಆಗಲೇ ಕೈ ಮುಗಿಯುತ್ತಿದ್ದಳು. ನಾನು ಹೋಗಿ ಕೈ ತೊಳೆದುಕೊಂಡು ಬಂದು, ಅವಳ ತೋಳಿನಲ್ಲಿ ನೀಲಿಗಟ್ಟದ ಜಾಗ ಹುಡುಕಿದೆ.